ಆಂಟೋನಿಯೊ ಕಾರ್ಲೋಸ್ ಜೋಬಿಂ

ಆಂಟೋನಿಯೊ ಕಾರ್ಲೋಸ್ ಜೋಬಿಂ (ಜನವರಿ ೨೫, ೧೯೨೭ – ಡಿಸೆಂಬರ್ ೮, ೧೯೯೪) ಬ್ರೆಜಿಲ್ ದೇಶದ ಸುಪ್ರಸಿದ್ಧ ಸಂಗೀತ ಸಂಯೋಜಕರು, ಪಿಯಾನೊ ಮತ್ತು ಗಿಟಾರ್ ವಾದಕರು, ಗೀತರಚನಕಾರರು ಹಾಗೂ ಗಾಯಕರು. ಬ್ರೆಜಿಲಿನ ಜನರು ಇವರನ್ನು ಟಾಮ್ ಜೋಬಿಂ ಎಂಬ ಹೆಸರಿನಿಂದ ಕರೆಯುತ್ತಾರೆ. ಸಾಂಬಾ ಲಯ, ಜಾಝ್ ಸಂಗೀತ ಮತ್ತು ಯುರೋಪಿನ ಶಾಸ್ತ್ರೀಯ ಸ್ವರಮೇಳ ಈ ಮೂರೂ ಸೇರಿ ರೂಪುಗೊಂಡ ಬೊಸ್ಸಾ ನೋವಾ ಎಂಬ ಗಾನಶೈಲಿಯ ಪ್ರವರ್ತಕರಲ್ಲಿ ಇವರು ಪ್ರಮುಖರು. 'ಇಪನೇಮಾದ ಹುಡುಗಿ', 'ದೆಸಾಫಿನಾದೊ', 'ಏಕಸ್ವರದ ಸಾಂಬಾ', 'ಕೊರ್ಕೊವಾದೊ', 'ವೇವ್', 'ಮಾರ್ಚ್ ತಿಂಗಳ ಮಳೆನೀರು' ಮುಂತಾದ ಇವರ ಹಾಡುಗಳನ್ನು ಪ್ರಪಂಚದ ಎಲ್ಲೆಡೆ ಕಲಾವಿದರು ಇಂದಿಗೂ ಹಾಡುತ್ತಾರೆ, ನುಡಿಸುತ್ತಾರೆ. ಇವರ ಹಾಡುಗಳ ಧಾಟಿ ಸರಳ. ಆದರೆ ಆ ಧಾಟಿಯ ಕೆಳಗೆ ಚಲಿಸುವ ಸ್ವರಮೇಳ ಬಹು ಸೂಕ್ಷ್ಮವಾದದ್ದು. ಆ ಸ್ವರಮೇಳವನ್ನು ಮೂಲದಲ್ಲಿದ್ದಂತೆಯೇ ಮರಳಿ ನುಡಿಸುವುದು ಹೇಗೆ ಎಂಬ ಪ್ರಶ್ನೆ ಇವರ ಜೀವಿತಕಾಲದಲ್ಲಿಯೇ ಎದ್ದಿತು.

ಜನನ ಮತ್ತು ಬಾಲ್ಯ

ಜೋಬಿಂ ಅವರು ರಿಯೊ ಡಿ ಜನೈರೊ ನಗರದ ತಿಜೂಕಾ ಎಂಬ ಬಡಾವಣೆಯಲ್ಲಿ ಜನಿಸಿದರು. ತಂದೆ ಜಾರ್ಜ್ ಜೋಬಿಂ, ತಾಯಿ ನಿಲ್ಜಾ. ತಂದೆತಾಯಿಗಳು ಬೇಗನೆ ಬೇರೆಯಾದರು. ತಾಯಿ ಮಗನನ್ನೂ ಮಗಳು ಹೆಲೆನಾಳನ್ನೂ ಕರೆದುಕೊಂಡು ಇಪನೇಮಾ ಕಡಲತೀರದ ಬಡಾವಣೆಯಲ್ಲಿ ನೆಲೆಸಿದರು. ೧೯೩೫ರಲ್ಲಿ ತಂದೆ ನಿಧನರಾದರು. ಆ ಕಾಲದ ಇಪನೇಮಾ ಇಂದಿನಂತೆ ಬಹುಮಹಡಿ ಕಟ್ಟಡಗಳಿಂದ ತುಂಬಿರಲಿಲ್ಲ. ಕಡಲು, ಮರಳು, ಹಿನ್ನೀರು, ಕಾಡುಗುಡ್ಡಗಳು ಮತ್ತು ಹಕ್ಕಿಗಳ ನಡುವೆ ಬೆಳೆದ ಬಾಲಕನ ಮನಸ್ಸಿನಲ್ಲಿ ಉಳಿದ ಚಿತ್ರಗಳು ಮುಂದೆ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು. ತಂಗಿಯು ತೊದಲು ನುಡಿಯುವ ವಯಸ್ಸಿನಲ್ಲಿ ಅಣ್ಣನ ಹೆಸರನ್ನು ಉಚ್ಚರಿಸಲಾರದೆ ಟಾಮ್ ಎಂದು ಕರೆದಳೆಂದೂ, ಅದೇ ಹೆಸರು ನಿಂತಿತೆಂದೂ ಹೇಳಲಾಗುತ್ತದೆ. ಹೆಲೆನಾ ಜೋಬಿಂ ಮುಂದೆ ಲೇಖಕಿಯಾಗಿ ಅಣ್ಣನ ಜೀವನಚರಿತ್ರೆಯನ್ನು ಬರೆದರು.

ತಾಯಿಯ ಎರಡನೆಯ ಪತಿ ಸೆಲ್ಸೊ ಫ್ರೋಟಾ ಪೆಸ್ಸೋವಾ ಅವರು ಬಾಲಕನ ಸಂಗೀತಾಸಕ್ತಿಗೆ ನೀರೆರೆದರು. ಮನೆಗೆ ಬಂದ ಪಿಯಾನೊ ಮೊದಲು ತಂಗಿಯ ಅಭ್ಯಾಸಕ್ಕೆಂದು ಇದ್ದರೂ ಅದರ ಮುಂದೆ ಹೆಚ್ಚು ಹೊತ್ತು ಕುಳಿತವರು ಅಣ್ಣನೇ.

ಸಂಗೀತ ಶಿಕ್ಷಣ

ಇವರ ಮೊದಲ ಗುರು ಜರ್ಮನಿಯಿಂದ ಬಂದು ಬ್ರೆಜಿಲಿನಲ್ಲಿ ನೆಲೆಸಿದ್ದ ಹಾನ್ಸ್ ಯೋಆಕಿಂ ಕೋಯೆಲ್ರಾಯ್ಟರ್. ಯುರೋಪಿನ ಹನ್ನೆರಡು ಸ್ವರಗಳ ಆಧುನಿಕ ಪದ್ಧತಿಯನ್ನು ಬ್ರೆಜಿಲಿಗೆ ಪರಿಚಯಿಸಿದವರು ಇವರೇ. ಅನಂತರ ಲೂಸಿಯಾ ಬ್ರಾಂಕೊ ಮತ್ತು ತೊಮಾಸ್ ತೆರಾನ್ ಅವರಲ್ಲಿ ಜೋಬಿಂ ಪಿಯಾನೊ ಕಲಿತರು. ಷೊಪಾನ್, ದೆಬುಸ್ಸಿ, ರಾವೆಲ್ ಅವರ ಕೃತಿಗಳೂ ಬ್ರೆಜಿಲಿನ ಮಹಾನ್ ಸಂಯೋಜಕ ಹೇಯ್ಟರ್ ವಿಲ್ಲಾ ಲೋಬೋಸ್ ಅವರ ಕೃತಿಗಳೂ ಇವರ ಮೇಲೆ ಗಾಢವಾದ ಪ್ರಭಾವ ಬೀರಿದವು. ಇದರ ಜೊತೆಗೆ ಪಿಷಿಂಗಿನ್ಯಾ, ಆರಿ ಬರೋಸೊ ಮೊದಲಾದವರ ಜನಪ್ರಿಯ ಸಂಗೀತವನ್ನು ಕೇಳುತ್ತಲೇ ಅವರು ಬೆಳೆದಿದ್ದರು.

ಜೀವನೋಪಾಯಕ್ಕಾಗಿ ವಾಸ್ತುಶಿಲ್ಪದ ವ್ಯಾಸಂಗವನ್ನು ಆರಂಭಿಸಿದರಾದರೂ ಅದನ್ನು ಬೇಗನೆ ಕೈಬಿಟ್ಟರು. ೧೯೪೯ರಲ್ಲಿ ತೆರೇಜಾ ಹರ್ಮಾನಿ ಅವರನ್ನು ವಿವಾಹವಾದರು. ಈ ದಂಪತಿಗಳಿಗೆ ಪಾವ್ಲೊ ಮತ್ತು ಎಲಿಜಬೆತ್ ಎಂಬ ಇಬ್ಬರು ಮಕ್ಕಳು.

ಸ್ವರಲಿಪಿಕಾರನಾಗಿ ಆರಂಭ

ಸಂಸಾರದ ಹೊಣೆ ಹೊತ್ತ ಯುವಕ ಕೋಪಕಬಾನಾ ಪ್ರದೇಶದ ರಾತ್ರಿ ಕ್ಲಬ್ಬುಗಳಲ್ಲಿ ಬೆಳಗಿನ ಜಾವದವರೆಗೆ ಪಿಯಾನೊ ನುಡಿಸುತ್ತಿದ್ದರು. ಮನೆ ಬಾಡಿಗೆಯನ್ನು ಹೊಂದಿಸುವುದೇ ಆಗ ಕಷ್ಟವಾಗಿತ್ತು. ೧೯೫೨ರಲ್ಲಿ ಕಾಂಟಿನೆಂಟಲ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯಲ್ಲಿ ಅವರಿಗೆ ಹಗಲು ಕೆಲಸ ದೊರೆಯಿತು. ಸ್ವರಲಿಪಿ ಬಾರದ ಜನಪ್ರಿಯ ಸಂಯೋಜಕರು ಹಾಡಿದ್ದನ್ನು ಅಥವಾ ಬೆರಳಿನಿಂದ ತಾಳ ಹಾಕುತ್ತ ಗುನುಗಿದ್ದನ್ನು ಕೇಳಿ ಕಾಗದದ ಮೇಲೆ ಬರೆದುಕೊಡುವುದು ಅವರ ಕೆಲಸವಾಗಿತ್ತು. ಇನ್ನೊಬ್ಬರ ಹಾಡನ್ನು ಅದರ ಲಯ, ಒತ್ತು, ಮೇಳಗಳು ಕೆಡದಂತೆ ಬರೆದಿಡುವ ಈ ಅಭ್ಯಾಸ ಅವರ ಕಿವಿಯನ್ನು ಹರಿತಗೊಳಿಸಿತು. ಅದೇ ಸಂಸ್ಥೆಯಲ್ಲಿದ್ದ ಹಿರಿಯ ವಾದ್ಯಸಂಯೋಜಕ ರಾದಮೆಸ್ ನ್ಯಾತಾಲಿ ಅವರ ಮಾರ್ಗದರ್ಶನವೂ ಇವರಿಗೆ ಲಭಿಸಿತು.

೧೯೫೩ರಲ್ಲಿ ಜೋಬಿಂ ಅವರ ಸ್ವಂತ ರಚನೆಗಳು ಮೊದಲ ಬಾರಿಗೆ ಧ್ವನಿಮುದ್ರಿತವಾದವು. ೧೯೫೪ರಲ್ಲಿ ಬಿಲ್ಲಿ ಬ್ಲಾಂಕೊ ಅವರ ಜೊತೆ ರಚಿಸಿದ 'ತೆರೇಜಾ ದ ಪ್ರಾಯಾ' ಎಂಬ ಹಾಡು ಜನಪ್ರಿಯವಾಯಿತು.

ಬೊಸ್ಸಾ ನೋವಾದ ಉದಯ

೧೯೫೬ರಲ್ಲಿ ಕವಿಯೂ ರಾಜತಾಂತ್ರಿಕ ಅಧಿಕಾರಿಯೂ ಆಗಿದ್ದ ವಿನೀಸಿಯಸ್ ದ ಮೊರಾಯಸ್ ಅವರು ತಮ್ಮ 'ಓರ್ಫೆವು ದ ಕಾನ್ಸೆಯ್ಸಾವ್' ನಾಟಕಕ್ಕೆ ಸಂಗೀತ ಒದಗಿಸುವಂತೆ ಜೋಬಿಂ ಅವರನ್ನು ಕೋರಿದರು. ಗ್ರೀಕ್ ಪುರಾಣದ ಓರ್ಫಿಯಸ್ ಕಥೆಯನ್ನು ರಿಯೊ ನಗರದ ಗುಡ್ಡದ ಮೇಲಿನ ಬಡವರ ಬದುಕಿಗೆ ಅಳವಡಿಸಿದ ಈ ನಾಟಕ ಆ ವರ್ಷದ ಸೆಪ್ಟೆಂಬರಿನಲ್ಲಿ ನಗರದ ಮುನಿಸಿಪಲ್ ರಂಗಮಂದಿರದಲ್ಲಿ ಪ್ರದರ್ಶಿತವಾಯಿತು. ರಂಗಸಜ್ಜಿಕೆಯನ್ನು ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ರೂಪಿಸಿದ್ದರು. ಇದೇ ಕಥೆಯನ್ನು ಆಧರಿಸಿ ಮಾರ್ಸೆಲ್ ಕಾಮ್ಯು ನಿರ್ದೇಶಿಸಿದ 'ಕಪ್ಪು ಓರ್ಫಿಯಸ್' ಚಲನಚಿತ್ರ ೧೯೫೯ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಚಿತ್ರದಲ್ಲಿಯೂ ಜೋಬಿಂ ಅವರ ಸಂಗೀತವಿತ್ತು.

೧೯೫೮ರಲ್ಲಿ ಗಾಯಕಿ ಎಲಿಜೆತ್ ಕಾರ್ಡೋಸೊ ಅವರು ಜೋಬಿಂ ಮತ್ತು ವಿನೀಸಿಯಸ್ ಜೋಡಿಯ ಹಾಡುಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಅದರ 'ಷೇಗಾ ಜಿ ಸೌದಾಜಿ' ಎಂಬ ಹಾಡಿಗೆ ಗಿಟಾರ್ ನುಡಿಸಿದವರು ಬಾಹಿಯಾ ಪ್ರಾಂತದಿಂದ ಬಂದ ಜೊವಾವ್ ಜಿಲ್ಬೆರ್ತೊ. ಅಗಲಿಕೆಯ ಹಂಬಲ ಇನ್ನು ಸಾಕು ಎಂಬುದು ಈ ಶೀರ್ಷಿಕೆಯ ಭಾವಾರ್ಥ. ಅದೇ ವರ್ಷ ಜಿಲ್ಬೆರ್ತೊ ಅವರೇ ಈ ಹಾಡನ್ನು ಹಾಡಿ ಧ್ವನಿಮುದ್ರಿಸಿದರು. ೧೯೫೯ರಲ್ಲಿ ಇದೇ ಹೆಸರಿನ ದೀರ್ಘ ಧ್ವನಿಮುದ್ರಿಕೆ ಜೋಬಿಂ ಅವರ ವಾದ್ಯಸಂಯೋಜನೆಯೊಂದಿಗೆ ಹೊರಬಂದಿತು. ಬೊಸ್ಸಾ ನೋವಾ ಶೈಲಿಯ ಆರಂಭವನ್ನು ಸಾಮಾನ್ಯವಾಗಿ ಈ ಎರಡು ಧ್ವನಿಮುದ್ರಿಕೆಗಳಿಂದ ಗುರುತಿಸಲಾಗುತ್ತದೆ.

ಬಾಲ್ಯದ ಗೆಳೆಯ ಹಾಗೂ ಪಿಯಾನೊ ವಾದಕ ನ್ಯೂಟನ್ ಮೆಂಡೋನ್ಸಾ ಅವರೊಡನೆ ಸೇರಿ ಜೋಬಿಂ 'ದೆಸಾಫಿನಾದೊ' ಮತ್ತು 'ಏಕಸ್ವರದ ಸಾಂಬಾ' ಹಾಡುಗಳನ್ನು ರಚಿಸಿದರು. ಈ ಹಾಡುಗಳು ವಿಶ್ವವಿಖ್ಯಾತವಾಗುವ ಮೊದಲೇ, ೧೯೬೦ರಲ್ಲಿ, ಮೆಂಡೋನ್ಸಾ ತಮ್ಮ ೩೩ನೆಯ ವಯಸ್ಸಿನಲ್ಲಿ ನಿಧನರಾದರು.

ಸ್ವರಮೇಳದ ವೈಶಿಷ್ಟ್ಯ

ಭಾರತೀಯ ಸಂಗೀತದಲ್ಲಿ ಆಧಾರ ಷಡ್ಜ ಸ್ಥಿರವಾಗಿದ್ದು ರಾಗದ ಸ್ವರಗಳು ಅದರ ಮೇಲೆ ಸಂಚರಿಸುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವ ಕಾರ್ಡ್ ಅಥವಾ ಸ್ವರಗುಚ್ಛಗಳು ಧಾಟಿಯ ಕೆಳಗೆ ಬದಲಾಗುತ್ತ ಹೋಗುತ್ತವೆ. ಜೋಬಿಂ ಅವರ ಪ್ರತಿಭೆ ಎದ್ದು ಕಾಣುವುದು ಈ ಬದಲಾವಣೆಯಲ್ಲಿ.

ಇದಕ್ಕೆ 'ಏಕಸ್ವರದ ಸಾಂಬಾ' ಅತ್ಯುತ್ತಮ ನಿದರ್ಶನ. ಹಾಡಿನ ಮೊದಲ ಭಾಗದಲ್ಲಿ ಗಾಯಕರು ಒಂದೇ ಸ್ವರವನ್ನು ಹಿಡಿದು ಹಾಡುತ್ತಾರೆ. ಕೆಳಗಿನ ಕಾರ್ಡುಗಳ ಮೂಲಸ್ವರ ಮಾತ್ರ ಅರ್ಧ ಅರ್ಧ ಸ್ವರದಂತೆ ಇಳಿಯುತ್ತದೆ. ಬಿ ಫ್ಲ್ಯಾಟ್ ಶ್ರುತಿಯಲ್ಲಿ ಹಾಡಿದರೆ ಗಾಯಕರ ಸ್ವರ ಎಫ್. ಕಾರ್ಡುಗಳ ಮೂಲ ಕ್ರಮವಾಗಿ ಡಿ, ಡಿ ಫ್ಲ್ಯಾಟ್, ಸಿ ಮತ್ತು ಬಿ. ಪ್ರತಿ ಮೂಲಸ್ವರವನ್ನೂ ಷಡ್ಜವೆಂದು ಭಾವಿಸಿದರೆ ಕದಲದೆ ನಿಂತ ಆ ಒಂದೇ ಸ್ವರ ಮೊದಲು ಸಾಧಾರಣ ಗಾಂಧಾರವಾಗಿಯೂ, ಅನಂತರ ಅಂತರ ಗಾಂಧಾರ, ಶುದ್ಧ ಮಧ್ಯಮ ಮತ್ತು ಪ್ರತಿ ಮಧ್ಯಮಗಳಾಗಿಯೂ ಕೇಳಿಸುತ್ತದೆ. ಕರ್ನಾಟಕ ಸಂಗೀತದ ಗ್ರಹಭೇದವನ್ನು ಬಲ್ಲವರಿಗೆ ಈ ತಂತ್ರ ಸುಲಭವಾಗಿ ಅರ್ಥವಾಗುತ್ತದೆ. ಕಾರ್ಡುಗಳನ್ನು ಸರಳಗೊಳಿಸಿ ನುಡಿಸಿದರೆ ಇಲ್ಲಿ ಉಳಿಯುವುದು ಬರಿಯ ಒಂದು ಸ್ವರ ಮಾತ್ರ.

'ದೆಸಾಫಿನಾದೊ' ಎಂದರೆ ಶ್ರುತಿ ತಪ್ಪಿದ್ದು ಎಂದು ಅರ್ಥ. ಹಾಡಿನ ಎರಡನೆಯ ಕಾರ್ಡಿನ ಮೇಲೆ ಧಾಟಿಯು ಆ ಕಾರ್ಡಿನ ಪ್ರತಿ ಮಧ್ಯಮದ ಸ್ಥಾನದಲ್ಲಿ ನಿಲ್ಲುತ್ತದೆ. ಅಭ್ಯಾಸವಿಲ್ಲದ ಕಿವಿಗೆ ಗಾಯಕರು ತಪ್ಪು ಹಾಡಿದಂತೆ ಭಾಸವಾಗುತ್ತದೆ. ವಾಸ್ತವವಾಗಿ ಆ ಸ್ವರ ಕಾರ್ಡಿನೊಳಗೇ ಸೇರಿದೆ. ಯಾರಾದರೂ ಅದನ್ನು ತಪ್ಪೆಂದು ತಿಳಿದು ತಿದ್ದಿದರೆ ಹಾಡಿನ ಶೀರ್ಷಿಕೆಗೇ ಅರ್ಥವಿರುವುದಿಲ್ಲ.

'ಇಪನೇಮಾದ ಹುಡುಗಿ' ಹಾಡಿನಲ್ಲಿ ಎಂಟು ಮಾತ್ರಾಗಣಗಳ ಮೊದಲ ಭಾಗ ಎರಡು ಬಾರಿ ಬಂದು, ಹದಿನಾರು ಮಾತ್ರಾಗಣಗಳ ನಡುಭಾಗ ಮುಗಿದ ಮೇಲೆ ಮೊದಲ ಭಾಗ ಮರಳುತ್ತದೆ. ಆರಂಭದ ಧಾಟಿಯ ತುಣುಕು ಎರಡು ಬೇರೆ ಕಾರ್ಡುಗಳ ಮೇಲೆ ಬದಲಾಗದೆ ಪುನರಾವರ್ತನೆಗೊಳ್ಳುತ್ತದೆ. ನಡುಭಾಗದಲ್ಲಿ ಶ್ರುತಿಯೇ ಅರ್ಧ ಸ್ವರ ಮೇಲೆ ಜರುಗಿ, ಒಂದೇ ಮಾದರಿಯ ನುಡಿ ಮೂರು ಬಾರಿ ಹೆಚ್ಚು ಹೆಚ್ಚು ಎತ್ತರದಿಂದ ಆರಂಭವಾಗುತ್ತದೆ. ಹಗುರವಾಗಿ ಆರಂಭವಾದ ಹಾಡು ಇಲ್ಲಿ ಏಕಾಂತದ ದುಃಖಕ್ಕೆ ತಿರುಗುತ್ತದೆ.

ಅಮೆರಿಕಾದಲ್ಲಿ ಪ್ರಸಿದ್ಧಿ

೧೯೬೧ರಲ್ಲಿ ದಕ್ಷಿಣ ಅಮೆರಿಕಾ ಪ್ರವಾಸ ಮಾಡಿದ ಗಿಟಾರ್ ವಾದಕ ಚಾರ್ಲಿ ಬರ್ಡ್ ಈ ಹಾಡುಗಳನ್ನು ಮೆಚ್ಚಿ ತಮ್ಮೊಡನೆ ಒಯ್ದರು. ೧೯೬೨ರ ಫೆಬ್ರವರಿಯಲ್ಲಿ ಅವರು ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಜ್ ಅವರೊಡನೆ ವಾಷಿಂಗ್ಟನ್ ನಗರದ ಚರ್ಚೊಂದರ ಸಭಾಂಗಣದಲ್ಲಿ 'ಜಾಝ್ ಸಾಂಬಾ' ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಅದು ೧೯೬೩ರಲ್ಲಿ ಅಮೆರಿಕಾದ ಜನಪ್ರಿಯ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ೧೯೬೨ರ ನವೆಂಬರ್ ೨೧ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ನಡೆದ ಬೊಸ್ಸಾ ನೋವಾ ಕಾರ್ಯಕ್ರಮದಲ್ಲಿ ಜೋಬಿಂ ಸ್ವತಃ ಭಾಗವಹಿಸಿದರು.

೧೯೬೩ರ ಮಾರ್ಚ್ ತಿಂಗಳಿನಲ್ಲಿ ನ್ಯೂಯಾರ್ಕಿನಲ್ಲಿ 'ಗೆಟ್ಜ್/ಜಿಲ್ಬೆರ್ತೊ' ಧ್ವನಿಮುದ್ರಣ ನಡೆಯಿತು. ಜೋಬಿಂ ಪಿಯಾನೊ ನುಡಿಸಿದರು. ಜೊವಾವ್ ಜಿಲ್ಬೆರ್ತೊ ಅವರ ಪತ್ನಿ ಆಸ್ಟ್ರುದ್ ಜಿಲ್ಬೆರ್ತೊ ಅವರು 'ಇಪನೇಮಾದ ಹುಡುಗಿ'ಯ ಇಂಗ್ಲಿಷ್ ಭಾಗವನ್ನು ಹಾಡಿದರು. ೧೯೬೪ರಲ್ಲಿ ಬಿಡುಗಡೆಯಾದ ಈ ಧ್ವನಿಮುದ್ರಿಕೆಗೆ ೧೯೬೫ರಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಗ್ರಾಮಿ ಪ್ರಶಸ್ತಿ ಲಭಿಸಿತು. ೧೯೬೭ರಲ್ಲಿ ಫ್ರಾಂಕ್ ಸಿನಾತ್ರಾ ಅವರೊಡನೆ ಹೊರತಂದ ಧ್ವನಿಮುದ್ರಿಕೆಯಲ್ಲಿ ಜೋಬಿಂ ಗಿಟಾರ್ ನುಡಿಸಿದರು. ಗಟ್ಟಿ ಕಂಠದ ಸಿನಾತ್ರಾ ಅದರಲ್ಲಿ ಅತ್ಯಂತ ಮೆಲುದನಿಯಲ್ಲಿ ಹಾಡಿದ್ದಾರೆ.

ಮೂಲಕ್ಕೂ ಪ್ರತಿಗೂ ಇರುವ ಅಂತರ

ಖ್ಯಾತಿಯ ಜೊತೆಗೆ ಹಾಡುಗಳ ರೂಪವೂ ಬದಲಾಗತೊಡಗಿತು. ಬ್ರೆಜಿಲಿನಲ್ಲಿ ಸಾಂಬಾ ಮತ್ತು ಬೊಸ್ಸಾ ನೋವಾ ಹಾಡುಗಳನ್ನು ಎರಡು ಎಣಿಕೆಯ ತಾಳದಲ್ಲಿ ಬರೆಯುವುದು ರೂಢಿ. ಅಮೆರಿಕಾದ ಮುದ್ರಿತ ಪ್ರತಿಗಳಲ್ಲಿ ಅವು ಬಹುಮಟ್ಟಿಗೆ ನಾಲ್ಕು ಎಣಿಕೆಗೆ ಬದಲಾದವು. 'ಗೆಟ್ಜ್/ಜಿಲ್ಬೆರ್ತೊ' ಧ್ವನಿಮುದ್ರಿಕೆಯಲ್ಲಿ 'ಇಪನೇಮಾದ ಹುಡುಗಿ' ಇರುವುದು ಡಿ ಫ್ಲ್ಯಾಟ್ ಮೇಜರ್ ಶ್ರುತಿಯಲ್ಲಿ. ಜಾಝ್ ವಾದಕರಲ್ಲಿ ಬಳಕೆಯಲ್ಲಿರುವುದು ಎಫ್ ಮೇಜರ್. ಸಾಹಿತ್ಯದ ವಿಷಯದಲ್ಲಿಯೂ ಹೀಗೆಯೇ ಆಯಿತು. ಇಂಗ್ಲಿಷ್ ಸಾಹಿತ್ಯ ಬರೆದವರು ಬ್ರೆಜಿಲಿನ ಸ್ಥಳನಾಮಗಳನ್ನು ತೆಗೆಯಬಯಸಿದಾಗ ಜೋಬಿಂ ಒಪ್ಪಲಿಲ್ಲ. ಇಪನೇಮಾ ಎಂಬ ಹೆಸರು ಹಾಡಿನಲ್ಲಿ ಉಳಿದದ್ದು ಅವರ ಹಟದಿಂದ. ಮುಂದೆ 'ಮಾರ್ಚ್ ತಿಂಗಳ ಮಳೆನೀರು' ಹಾಡಿಗೆ ಇಂಗ್ಲಿಷ್ ಸಾಹಿತ್ಯವನ್ನು ಅವರೇ ಬರೆದರು. ರಿಯೊ ನಗರದಲ್ಲಿ ಮಾರ್ಚ್ ಎಂದರೆ ಬೇಸಗೆಯ ಕೊನೆಯ ಮಳೆಗಾಲ. ಉತ್ತರದ ದೇಶಗಳಲ್ಲಿ ಅದು ಹಿಮ ಕರಗುವ ವಸಂತದ ಆರಂಭ. ಇಂಗ್ಲಿಷ್ ರೂಪದಲ್ಲಿ ಈ ವ್ಯತ್ಯಾಸಕ್ಕೂ ಅವರು ಸ್ಥಾನ ಕಲ್ಪಿಸಿದರು.

ಈ ಹಾಡುಗಳ ಮೂಲ ನಾದವನ್ನು ಪುನಃ ಸೃಷ್ಟಿಸಬಯಸುವ ಕಲಾವಿದರು ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು ಗಿಟಾರ್. ಉಕ್ಕಿನ ತಂತಿಯ ಬದಲು ನೈಲಾನ್ ತಂತಿಯ ವಾದ್ಯವನ್ನು ಬೆರಳಿನಿಂದಲೇ ನುಡಿಸಲಾಗುತ್ತದೆ. ಹೆಬ್ಬೆರಳು ಸಾಂಬಾ ಮೇಳದ ದೊಡ್ಡ ಚರ್ಮವಾದ್ಯವಾದ ಸುರ್ದೊವಿನಂತೆ ಸಮನಾದ ತಾಳವನ್ನು ಕಾಯ್ದುಕೊಳ್ಳುತ್ತದೆ. ಉಳಿದ ಬೆರಳುಗಳು ಸಣ್ಣ ವಾದ್ಯವಾದ ತಂಬೊರಿನಂತೆ ತಾಳದ ನಡುವಿನ ಎಡೆಗಳಲ್ಲಿ ಕಾರ್ಡನ್ನು ಮೀಟುತ್ತವೆ. ಈ ರೀತಿಯನ್ನು ಸಿದ್ಧಗೊಳಿಸಿದವರು ಜಿಲ್ಬೆರ್ತೊ.

ಎರಡನೆಯದು ಕಾರ್ಡಿನ ರಚನೆ. ಮೂರು ಸ್ವರಗಳ ಸರಳ ಕಾರ್ಡಿನ ಬದಲು ಏಳನೆಯ, ಒಂಬತ್ತನೆಯ, ಹದಿಮೂರನೆಯ ಸ್ಥಾನದ ಸ್ವರಗಳನ್ನು ಸೇರಿಸಲಾಗುತ್ತದೆ. ಆದರೆ ಒಟ್ಟಿಗೆ ನುಡಿಸುವುದು ಸಾಮಾನ್ಯವಾಗಿ ನಾಲ್ಕು ಸ್ವರಗಳನ್ನು ಮಾತ್ರ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸ್ವರವೂ ಆದಷ್ಟು ಹತ್ತಿರದ ಸ್ವರಕ್ಕೆ ಜರುಗಬೇಕು. 'ಕೊರ್ಕೊವಾದೊ' ಮತ್ತು 'ಮಾರ್ಚ್ ತಿಂಗಳ ಮಳೆನೀರು' ಹಾಡುಗಳಲ್ಲಿ ಮಂದ್ರಸ್ವರಗಳು ಮೆಲ್ಲಗೆ ಇಳಿಯುವ ಕ್ರಮವೇ ಹಾಡಿನ ಜೀವ.

ಮೂರನೆಯದು ಮಿತಿ. ಜೋಬಿಂ ತಮ್ಮ ಧ್ವನಿಮುದ್ರಿಕೆಗಳಲ್ಲಿ ಎಷ್ಟೋ ಕಡೆ ಪಿಯಾನೊವನ್ನು ಒಂದೊಂದೇ ಸ್ವರವಾಗಿ ನುಡಿಸಿ ನಡುವೆ ಮೌನವನ್ನು ಬಿಡುತ್ತಾರೆ. ಗಾಯನ ಕಂಪನವಿಲ್ಲದೆ ಮಾತಿನಷ್ಟು ಮೆಲ್ಲಗಿರುತ್ತದೆ. ಜರ್ಮನ್ ಮೂಲದ ವಾದ್ಯಸಂಯೋಜಕ ಕ್ಲಾಸ್ ಓಗರ್ಮನ್ ಅವರು ೧೯೬೩ರ ವಾದ್ಯಸಂಗೀತದ ಧ್ವನಿಮುದ್ರಿಕೆಯಲ್ಲಿಯೂ ೧೯೬೭ರ 'ವೇವ್' ಧ್ವನಿಮುದ್ರಿಕೆಯಲ್ಲಿಯೂ ಪಿಟೀಲುಗಳನ್ನೂ ಕೊಳಲನ್ನೂ ಇದೇ ಸಂಯಮದಿಂದ ಬಳಸಿದ್ದಾರೆ.

ಜಾಝ್ ಪ್ರಭಾವದ ಚರ್ಚೆ

ಬೊಸ್ಸಾ ನೋವಾ ಅಮೆರಿಕಾದ ಜಾಝ್ ಸಂಗೀತದ ಅನುಕರಣೆಯೇ ಎಂಬ ವಿವಾದ ಬ್ರೆಜಿಲಿನಲ್ಲಿ ಬಹುಕಾಲ ನಡೆಯಿತು. ವಿಮರ್ಶಕ ಜೋಸೆ ರಾಮೋಸ್ ತಿನ್ಯೊರಾವ್ ಅವರು ಈ ಶೈಲಿ ಸಾಂಬಾವನ್ನು ಅದರ ಜನಮೂಲದಿಂದ ದೂರಮಾಡಿತೆಂದು ಟೀಕಿಸಿದರು. ಜೋಬಿಂ ಅವರ ಸ್ವರಮೇಳಕ್ಕೆ ದೆಬುಸ್ಸಿ, ರಾವೆಲ್, ವಿಲ್ಲಾ ಲೋಬೋಸ್ ಮೂಲವೆಂದೂ ಜಾಝ್ ವಾದಕರೂ ಇದೇ ಫ್ರೆಂಚ್ ಮೂಲದಿಂದ ಪಡೆದಿದ್ದರೆಂದೂ ಇನ್ನೊಂದು ಪಕ್ಷ ವಾದಿಸಿತು. 'ಇನ್ಸೆನ್ಸಾತೆಜ್' ಹಾಡಿಗೂ ಷೊಪಾನ್ ಅವರ ಇ ಮೈನರ್ ಪ್ರೆಲ್ಯೂಡ್ ಕೃತಿಗೂ ಇರುವ ಹೋಲಿಕೆಯನ್ನು ಸಂಗೀತಜ್ಞರು ಗುರುತಿಸಿದ್ದಾರೆ.

೧೯೬೪ರಲ್ಲಿ ಬ್ರೆಜಿಲಿನಲ್ಲಿ ಸೈನಿಕ ಆಡಳಿತ ಬಂದ ಮೇಲೆ ಕಡಲು, ಪ್ರೇಮಗಳ ಹಾಡುಗಳು ಕಾಲಕ್ಕೆ ಹೊಂದುವುದಿಲ್ಲವೆಂಬ ಭಾವನೆ ಯುವಜನರಲ್ಲಿ ಮೂಡಿತು. ೧೯೬೮ರ ಅಂತಾರಾಷ್ಟ್ರೀಯ ಗೀತೋತ್ಸವದಲ್ಲಿ ಚಿಕೊ ಬುವಾರ್ಕೆ ಅವರೊಡನೆ ರಚಿಸಿದ 'ಸಾಬಿಯಾ' ಹಾಡಿಗೆ ಪ್ರಥಮ ಬಹುಮಾನ ಬಂದಾಗ, ಜೆರಾಲ್ಡೊ ವಾಂದ್ರೆ ಅವರ ಪ್ರತಿಭಟನಾ ಗೀತೆಯನ್ನು ಬಯಸಿದ್ದ ಪ್ರೇಕ್ಷಕರು ಕೂಗಿ ವಿರೋಧಿಸಿದರು. ದೇಶಕ್ಕೆ ಮರಳುವ ಹಂಬಲವನ್ನು ಹೇಳುವ ಈ ಹಾಡು ದೇಶಭ್ರಷ್ಟರ ಹಾಡೂ ಹೌದೆಂಬುದನ್ನು ಜನರು ಅನಂತರ ಗುರುತಿಸಿದರು.

ಉತ್ತರ ಜೀವನ

೧೯೭೨ರಲ್ಲಿ 'ಮಾರ್ಚ್ ತಿಂಗಳ ಮಳೆನೀರು' ರಚನೆಯಾಯಿತು. ಕೋಲು, ಕಲ್ಲು, ಕೆಸರು, ಮಳೆ ಎಂದು ಸಣ್ಣ ಸಣ್ಣ ವಸ್ತುಗಳನ್ನು ಪೋಣಿಸುತ್ತ ಹೋಗುವ ಈ ಹಾಡನ್ನು ೧೯೭೪ರಲ್ಲಿ ಗಾಯಕಿ ಎಲಿಸ್ ರೆಜಿನಾ ಅವರೊಡನೆ ಲಾಸ್ ಏಂಜಲೀಸ್ ನಗರದಲ್ಲಿ ಧ್ವನಿಮುದ್ರಿಸಲಾಯಿತು. ಸೆಸಾರ್ ಕಮಾರ್ಗೊ ಮರಿಯಾನೊ ಅವರ ವಿದ್ಯುತ್ ವಾದ್ಯಗಳ ಬಳಕೆಗೆ ಜೋಬಿಂ ಮೊದಲು ಹಿಂಜರಿದರು. ಕೊನೆಗೆ 'ಎಲಿಸ್ ಮತ್ತು ಟಾಮ್' ಬ್ರೆಜಿಲಿನ ಅತ್ಯುತ್ತಮ ಧ್ವನಿಮುದ್ರಿಕೆಗಳಲ್ಲಿ ಒಂದೆಂದು ಹೆಸರಾಯಿತು. 'ಮತಿತಾ ಪೆರೆ' (೧೯೭೩), 'ಉರುಬು' (೧೯೭೬), 'ಪಸ್ಸಾರಿಂ' (೧೯೮೭) ಧ್ವನಿಮುದ್ರಿಕೆಗಳಲ್ಲಿ ಕಾಡು, ಹಕ್ಕಿ ಮತ್ತು ಪರಿಸರದ ಅಳಿವು ಮುಖ್ಯ ವಸ್ತುಗಳಾದವು.

ತೆರೇಜಾ ಅವರಿಂದ ಬೇರೆಯಾದ ಮೇಲೆ ಜೋಬಿಂ ಆನಾ ಲೊಂತ್ರಾ ಅವರನ್ನು ವಿವಾಹವಾದರು. ೧೯೮೪ರಲ್ಲಿ ಮಗ ಪಾವ್ಲೊ, ಮಗಳು ಎಲಿಜಬೆತ್, ಪತ್ನಿ ಆನಾ ಹಾಗೂ ಆಪ್ತ ಕಲಾವಿದರನ್ನು ಸೇರಿಸಿ 'ಬಾಂದಾ ನೋವಾ' ಎಂಬ ತಂಡವನ್ನು ಕಟ್ಟಿದರು. ಕೊನೆಯ ಹತ್ತು ವರ್ಷ ತಮ್ಮ ಹಾಡುಗಳನ್ನು ಈ ತಂಡದೊಡನೆ ನಾನಾ ದೇಶಗಳಲ್ಲಿ ಪ್ರಸ್ತುತಪಡಿಸಿದರು.

ನಿಧನ ಮತ್ತು ಪರಂಪರೆ

ಮೂತ್ರಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯಲು ನ್ಯೂಯಾರ್ಕಿಗೆ ತೆರಳಿದ್ದ ಜೋಬಿಂ ೧೯೯೪ರ ಡಿಸೆಂಬರ್ ೮ರಂದು ಹೃದಯಸ್ತಂಭನದಿಂದ ಅಲ್ಲಿಯೇ ನಿಧನರಾದರು. ಪಾರ್ಥಿವ ಶರೀರವನ್ನು ರಿಯೊ ನಗರದ ಸಾವ್ ಜೊವಾವ್ ಬತಿಸ್ತಾ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು. ಅವರ ಕೊನೆಯ ಧ್ವನಿಮುದ್ರಿಕೆ 'ಆಂಟೋನಿಯೊ ಬ್ರೆಸಿಲೇರೊ'ಗೆ ಮರಣಾನಂತರ ಗ್ರಾಮಿ ಪ್ರಶಸ್ತಿ ಸಂದಿತು. ೧೯೯೯ರಲ್ಲಿ ರಿಯೊ ನಗರದ ಗಲೆಯಾವ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಇವರ ಹೆಸರನ್ನು ಇಡಲಾಯಿತು. ಆ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನ ಸಂತಸವನ್ನು ಇವರು 'ವಿಮಾನದ ಸಾಂಬಾ' ಎಂಬ ಹಾಡಿನಲ್ಲಿ ಬಣ್ಣಿಸಿದ್ದರು. ೨೦೧೬ರ ರಿಯೊ ಪ್ಯಾರಾಲಿಂಪಿಕ್ಸ್ ಲಾಂಛನಗೊಂಬೆಗೆ ಟಾಮ್ ಎಂದೂ ಒಲಿಂಪಿಕ್ಸ್ ಲಾಂಛನಗೊಂಬೆಗೆ ವಿನೀಸಿಯಸ್ ಎಂದೂ ಹೆಸರಿಡಲಾಯಿತು.

ಹಾಡುಗಳ ಶುದ್ಧ ಪಾಠವನ್ನು ಉಳಿಸುವ ಕಾರ್ಯ ಅವರ ನಿಧನಾನಂತರ ಕುಟುಂಬದವರ ಕೈಸೇರಿತು. ಮಗ ಪಾವ್ಲೊ ಅವರ ನೇತೃತ್ವದಲ್ಲಿ ಸಿದ್ಧವಾದ 'ಕಾನ್ಸಿಯೊನೇರೊ ಜೋಬಿಂ' ಸಂಪುಟಗಳು ಈ ಹಾಡುಗಳನ್ನು ಸಂಯೋಜಕರು ನುಡಿಸಿದ ಕಾರ್ಡುಗಳೊಂದಿಗೆ ಪಿಯಾನೊ ಸ್ವರಲಿಪಿಯಲ್ಲಿ ನೀಡುತ್ತವೆ. ರಿಯೊ ನಗರದ ಸಸ್ಯೋದ್ಯಾನದಲ್ಲಿರುವ ಜೋಬಿಂ ಸಂಸ್ಥೆ ಅವರ ಹಸ್ತಪ್ರತಿ ಮತ್ತು ಧ್ವನಿಮುದ್ರಣಗಳನ್ನು ಸಂರಕ್ಷಿಸಿ ಅಂತರಜಾಲದಲ್ಲಿ ಸಾರ್ವಜನಿಕರಿಗೆ ಒದಗಿಸಿದೆ. ಜಪಾನಿನ ಸಂಯೋಜಕ ರ್‍ಯುಯಿಚಿ ಸಕಮೊತೊ ಅವರು ಜಾಕ್ವೆಸ್ ಮತ್ತು ಪಾವ್ಲಾ ಮೊರೆಲೆನ್‌ಬಾಮ್ ದಂಪತಿಗಳೊಡನೆ ಹೊರತಂದ 'ಕಾಸಾ' (೨೦೦೧) ಧ್ವನಿಮುದ್ರಿಕೆಯ ಬಹುಭಾಗ ಜೋಬಿಂ ಅವರ ಮನೆಯಲ್ಲಿ, ಅವರದೇ ಪಿಯಾನೊದ ಮೇಲೆ ಸಿದ್ಧವಾಯಿತು. ಇತರರ ಹಾಡುಗಳನ್ನು ಕೇಳಿ ಬರೆದುಕೊಡುತ್ತಿದ್ದ ಸ್ವರಲಿಪಿಕಾರನ ಸ್ವಂತ ಹಾಡುಗಳು ಹೀಗೆ ಬರಹದಲ್ಲಿಯೂ ವಾದನದಲ್ಲಿಯೂ ಉಳಿದುಬಂದಿವೆ.